ಅವ್ವನ ದುಡಿಮೆ ಉಂಡವರು

‘ಹೆತ್ತವರಿಗೆ ಮಕ್ಕಳು ಕೂಳು ಹಾಕಬೇಕು ಅಂತ ಹೇಳಾಕೂ ಒಂದು ಕಾಯ್ದೆ ಬೇಕಾತಲ್ಲ, ಎಂಥಾ ಕಾಲ ಬಂತು!’ ಎಂದು ನಮ್ಮ ಕಡೆಯ ಭಾಷಣಕಾರರು ಕಣ್ಣೀರು ಹಾಕುತ್ತಾರೆ. ಸೊಸೆಯಂದಿರು ಕೆಟ್ಟರು, ಮೊಬೈಲು ಬಂದು ಮಕ್ಕಳು ಕೆಟ್ಟರು, ನಮ್ಮ ಸಂಸ್ಕೃತಿ ಮಣ್ಣುಪಾಲಾಯಿತು ಎನ್ನುತ್ತಾರೆ. ಗೆಳೆಯರೇ, ರೋಣ, ನರಗುಂದ, ಗಜೇಂದ್ರಗಡದ ಕೇರಿಗಳಲ್ಲಿ ಹುಟ್ಟಿ ಬೆಳೆದ ನಮಗೆ ಈ ಮಾತು ಕೇಳಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಯಾಕೆಂದರೆ ಹೆತ್ತವರ ಭಾರ ಮಕ್ಕಳು ಹೊರಬೇಕೆಂಬ ಕಾಯ್ದೆ ನಮ್ಮ ಕೇರಿಯಲ್ಲಿ ತಲೆತಲಾಂತರದಿಂದ ಇತ್ತು. ಅದರ ಹೆಸರು ಜೀತ. ಅಪ್ಪ ಮದುವೆಗೆಂದು ತಂದ ಸಾಲಕ್ಕೆ ಮಗ ಸಾಹುಕಾರನ ದನ ಕಾಯಬೇಕು. ಮಗನ ಮದುವೆಗೆ ಮತ್ತೊಂದು ಸಾಲ, ಅದಕ್ಕೆ ಮೊಮ್ಮಗ. ಆ ಕಾಯ್ದೆಗೆ ನೋಟೀಸು ಇರಲಿಲ್ಲ, ವಾಯಿದೆ ಇರಲಿಲ್ಲ, ಅಪೀಲೂ ಇರಲಿಲ್ಲ.

1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂತು. ಅಪ್ಪನ ಸಾಲದ ನೊಗ ಮಗನ ಹೆಗಲಿಗೆ ಹೂಡುವುದು ಅಪರಾಧ ಎಂದು ಅದು ಹೇಳಿತು. ಮೂವತ್ತೊಂದು ವರ್ಷಗಳ ಮೇಲೆ, 2007ರಲ್ಲಿ, ಅದೇ ಸಂಸತ್ತು ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಮಾಡಿತು. ಅಪ್ಪನ ಸಾಲ ಮಗನದಲ್ಲ, ಅಪ್ಪನ ಮುಪ್ಪು ಮಾತ್ರ ಮಗನದು. ಎರಡೂ ಒಂದೇ ಎನ್ನುವಷ್ಟು ದಡ್ಡರು ನಾವಲ್ಲ. ಹೆತ್ತವಳನ್ನು ಬೀದಿಗೆ ಹಾಕುವ ಮಗನನ್ನು ನಾವು ಯಾವತ್ತೂ ಸಮರ್ಥಿಸುವವರಲ್ಲ. ಆದರೆ ಈ ಕಾಯ್ದೆ ಯಾರ ಕೈಗೆ ಏನು ಕೊಟ್ಟಿತು, ಯಾರ ಹೆಗಲಿನಿಂದ ಏನನ್ನು ಇಳಿಸಿತು ಎಂದು ಕೇಳುವ ಹಕ್ಕು ನಮಗಿದೆ.

ಕಾಯ್ದೆಯಲ್ಲಿ ಏನಿದೆ ಎಂಬುದನ್ನು ಮೊದಲು ನೋಡೋಣ. ನಮ್ಮ ಮಾಸ್ತರುಗಳಿಗೆ ಇದು ಗೊತ್ತಿರಬೇಕು, ಯಾಕೆಂದರೆ ಅರ್ಜಿ ಬರೆಸಲಿಕ್ಕೆ ಜನ ಬರುವುದು ಅವರ ಹತ್ತಿರವೇ. ದುಡಿದು ತಿನ್ನಲಾಗದ ತಾಯಿ ತಂದೆ, ಮತ್ತು ಅರವತ್ತು ದಾಟಿದ ಯಾರೇ ಆಗಲಿ, ಅರ್ಜಿ ಹಾಕಬಹುದು. ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಎಲ್ಲರೂ ಜವಾಬ್ದಾರರು. ತಾಯಿ ತಂದೆಗೆ ಅರವತ್ತು ತುಂಬಿರಬೇಕೆಂದೂ ಇಲ್ಲ. ಮಲತಾಯಿ, ದತ್ತು ತಂದೆಯೂ ಲೆಕ್ಕದಲ್ಲಿದ್ದಾರೆ. ಉಪವಿಭಾಗಾಧಿಕಾರಿ, ಅಂದರೆ ನಾವು ಎಸಿ ಸಾಹೇಬರು ಅನ್ನುವವರು, ನ್ಯಾಯಮಂಡಳಿಯಾಗಿ ಕೂಡುತ್ತಾರೆ. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲವೆಂದು ಕಾಯ್ದೆಯ ಮೂಲ ಪಾಠದಲ್ಲಿತ್ತು. ನೋಟೀಸು ಮುಟ್ಟಿದ 90 ದಿನಗಳಲ್ಲಿ, ತಡವಾದರೆ ಮತ್ತೆ 30 ದಿನಗಳಲ್ಲಿ ತೀರ್ಮಾನವಾಗಬೇಕು. ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿಯವರೆಗೆ ಕೊಡಿಸಬಹುದು. ಕೊಡದಿದ್ದರೆ ಒಂದು ತಿಂಗಳವರೆಗೆ ಜೈಲು. ಹೆತ್ತವರನ್ನು ಕೈಬಿಡುವ ಉದ್ದೇಶದಿಂದಲೇ ಎಲ್ಲಿಯೋ ಬಿಟ್ಟುಬಂದರೆ ಮೂರು ತಿಂಗಳವರೆಗೆ ಜೈಲು ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕರ್ನಾಟಕ ಇದಕ್ಕೆ 2009ರಲ್ಲಿ ನಿಯಮ ಮಾಡಿತು.

ಇದು ಆಕಾಶದಿಂದ ಉದುರಿದ ಕಾಯ್ದೆಯೂ ಅಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಈ ಮಾತಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ಎಲ್ಲ ಜಾತಿ ಧರ್ಮದವರಿಗೂ ಇತ್ತು. ಮದುವೆಯಾದ ಮಗಳೂ ಈ ಕಲಮಿನಡಿ ಜವಾಬ್ದಾರಳು ಎಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತು. 2024ರ ಜುಲೈ 1ರಿಂದ ಆ ಕಲಮು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಅದರಲ್ಲಿ ಒಂದು ಮಾತು ಗಮನಿಸಬೇಕು: ‘ಸಾಕಷ್ಟು ಅನುಕೂಲ ಇದ್ದೂ’ ನೋಡಿಕೊಳ್ಳದ ಮಕ್ಕಳು. ಅನುಕೂಲ ಎಂಬ ಈ ಒಂದು ಶಬ್ದದ ಮೇಲೆ ನಮ್ಮ ಕೇರಿಯ ಸಂಕಟವೆಲ್ಲ ನಿಂತಿದೆ.

ನರಗುಂದದ ಕಡೆಯ ಒಂದು ಊರಿನಿಂದ ಒಬ್ಬ ರೈತರು ನಮ್ಮ ಹತ್ತಿರ ಅರ್ಜಿ ಬರೆಸಲು ಬಂದರು. ಎಪ್ಪತ್ತು ದಾಟಿದವರು. ಬೆಟರ್‌ಮೆಂಟ್ ಲೆವಿಯ ವಿರುದ್ಧ ಎದ್ದ ಬಂಡಾಯದಲ್ಲಿ, 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರು ಆದ ದಿನ, ಅವರು ಹರೆಯದ ಹುಡುಗ, ಆ ಗದ್ದಲದಲ್ಲಿ ಓಡಿದವರು. ನೀರು ಮುಟ್ಟದ ಹೊಲಕ್ಕೂ ಕರ ಕೇಳಿದ ಸರ್ಕಾರವನ್ನು ಎದುರಿಸಿದವರು ಈಗ ಸ್ವಂತ ಮಕ್ಕಳೆದುರು ಸೋತು ನಿಂತಿದ್ದರು. ಹದಿನಾರು ಎಕರೆ ಎರೆಹೊಲ ಇಬ್ಬರು ಗಂಡುಮಕ್ಕಳ ಹೆಸರಿಗೆ ದಾನಪತ್ರ ಮಾಡಿದ್ದರು. ‘ಕಡ್ಲಿ ರಾಶಿ ಆದಮ್ಯಾಲೆ ನನಗ ಚಾದಂಗಡ್ಯಾಗ ಕುಂಡ್ರಾಕ ಹತ್ತು ರೂಪಾಯಿ ಕೊಡವಲ್ರು ತಮ್ಮಾ’ ಅಂದರು.

ನಮ್ಮ ಮನೆಯ ಕಟ್ಟೆಯ ಮೇಲೆ ಕೂತರು. ಒಳಗೆ ಬರಲಿಲ್ಲ. ನೀರು ಕೊಟ್ಟೆವು. ‘ಈಗ ಕುಡದು ಬಂದೇನಿ’ ಎಂದು ತಂಬಿಗೆಯನ್ನು ಅಲ್ಲೇ ಬಿಟ್ಟರು. ಬ್ಯಾಸಿಗೆಯ ಬಿಸಿಲು, ತುಟಿ ಒಣಗಿದ್ದವು. ನಾವು ಏನೂ ಅನ್ನಲಿಲ್ಲ. ಅರ್ಜಿಯನ್ನಂತೂ ಬರೆದೆವು. ನಮ್ಮ ಅಕ್ಷರ ಅವರಿಗೆ ಮೈಲಿಗೆ ಆಗಲಿಲ್ಲ.

ಈ ಕಾಯ್ದೆಯ 23ನೇ ಕಲಮು ಇಂಥವರಿಗಾಗಿಯೇ ಇದೆ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ, ಆ ಪತ್ರ ಮೋಸದಿಂದ ಆದದ್ದೆಂದು ತಿಳಿದು ರದ್ದು ಮಾಡಬಹುದು. ಆದರೆ ಷರತ್ತು ಇರಬೇಕು. ಇವರ ಪತ್ರದಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದು ಬರೆದಿತ್ತೇ ಹೊರತು ಷರತ್ತಿನ ಸಾಲು ಇರಲಿಲ್ಲ. ಷರತ್ತಿದ್ದದ್ದು ರುಜುವಾತಾಗದೆ ಪತ್ರ ರದ್ದಾಗದು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಮಗ ಬೇರೆ ಕಾಗದದ ಮೇಲೆ ಬರೆದುಕೊಟ್ಟ ಮಾತನ್ನೂ ಸೇರಿಸಿ ನೋಡಿ, ಈ ಕಾಯ್ದೆಯನ್ನು ಮುದುಕರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಆದ್ದರಿಂದ ಮಾಸ್ತರುಗಳೇ, ನಿಮ್ಮ ಊರಲ್ಲಿ ಯಾರಾದರೂ ಮಕ್ಕಳಿಗೆ ಹೊಲ ಮನೆ ಬರೆದುಕೊಡಲು ಹೊರಟರೆ ಒಂದು ಮಾತು ಹೇಳಿ: ‘ಜೀವ ಇರೋತನಕ ನನ್ನ ಊಟ, ಔಷಧ, ಇರವಿಗೆ ನೀನೇ ಹೊಣೆ’ ಎಂಬ ಸಾಲು ಪತ್ರದಲ್ಲಿ ಬರಲೇಬೇಕು.

ಆ ಹೊತ್ತಿಗೆ ನಮ್ಮ ಕೇರಿಯ ಆಯಿಯೊಬ್ಬಳು ಅಲ್ಲಿಯೇ ಬೇವಿನ ನೆರಳಿಗೆ ಕೂತಿದ್ದಳು. ಅದೇ ರೈತರ ಹೊಲದಲ್ಲಿ ನೆರಿಗೆ ಹಿಡಿದು ಕಳೆ ಕಿತ್ತವಳು, ಉಳ್ಳಾಗಡ್ಡಿ ಕೊಯ್ದವಳು, ಮೆಣಸಿನಕಾಯಿ ಬಿಡಿಸಿದವಳು. ಅವಳಿಗೆ ತನ್ನ ವಯಸ್ಸು ಗೊತ್ತಿಲ್ಲ. ಹದಿನಾರು ಎಕರೆಯ ಸಾಲುಗಳಂತೂ ಕಣ್ಣು ಕಟ್ಟಿದರೂ ಗೊತ್ತು. ಅರ್ಜಿ ಓದಿ ಹೇಳಿದ್ದನ್ನೆಲ್ಲ ಕೇಳಿ ಆಕೆ ಅಂದಳು:

‘ಯಪ್ಪಾ ಗೌಡ್ರ, ನಿಮ್ಮ ಹೊಲಾ ನಿಮಗ ತಿರುಗಿ ಬರಲ್ರಿ. ಬರಬೇಕು. ಆದ್ರ ನಾ ಅದರಾಗ ಹಾಕಿದ್ದು ನನಗ ಯಾವ ಕಲಮಿನ್ಯಾಗ ತಿರುಗಿ ಬರತೈತ್ರಿ?’

ಗೌಡರು ಮಾತಾಡಲಿಲ್ಲ. ನಾವೂ ಕಾಯ್ದೆ ಪುಸ್ತಕದ ಹಾಳೆ ತಿರುವಿದೆವು. ಅಂಥ ಕಲಮು ಇಲ್ಲ.

ಗೌಡರ ಅರ್ಜಿ ಸಂಧಾನದಲ್ಲಿ ಮುಗಿಯಿತು. ಕಾಯ್ದೆಯ ಪ್ರಕಾರ ಮೊದಲು ಸಂಧಾನ ಅಧಿಕಾರಿಗೆ ಒಪ್ಪಿಸಿ ಒಂದು ತಿಂಗಳಲ್ಲಿ ವರದಿ ತರಿಸಬಹುದು. ಪತ್ರ ರದ್ದಾದೀತು ಎಂಬ ಅಂಜಿಕೆಗೆ ಮಕ್ಕಳಿಬ್ಬರೂ ತಿಂಗಳ ಖರ್ಚಿಗೆ ಒಪ್ಪಿ ಸಹಿ ಹಾಕಿದರು. ಕಾಯ್ದೆ ಕೆಲಸ ಮಾಡಿತು, ಅದನ್ನು ನಾವು ಸಂತೋಷದಿಂದಲೇ ಹೇಳುತ್ತೇವೆ. ಆದರೆ ಅದು ಕೆಲಸ ಮಾಡಿದ್ದು ಕಸಿದುಕೊಳ್ಳಲು ಹದಿನಾರು ಎಕರೆ ಇದ್ದದ್ದಕ್ಕೆ. ಭೂಮಿ ಇದ್ದವನ ಮುಪ್ಪಿಗೆ ಹಲ್ಲಿದೆ. ಭೂಮಿ ಇಲ್ಲದವರ ಮುಪ್ಪು ಬೊಚ್ಚು ಬಾಯಿ.

ಮಕ್ಕಳಿಲ್ಲದ ಮುದುಕರ ವಿಷಯಕ್ಕೆ ಬಂದರೆ ಈ ಮಾತು ಇನ್ನೂ ಬತ್ತಲೆಯಾಗುತ್ತದೆ. ಅವರನ್ನು ಸಂಬಂಧಿಕರು ಸಾಕಬೇಕು ಎನ್ನುತ್ತದೆ ಕಾಯ್ದೆ. ಯಾವ ಸಂಬಂಧಿಕರು? ಮುದುಕರ ಆಸ್ತಿ ಕೈಯಲ್ಲಿ ಇರುವವರು, ಇಲ್ಲವೆ ಮುಂದೆ ಆ ಆಸ್ತಿ ಸಿಗುವವರು. ಆಸ್ತಿಯೇ ಇಲ್ಲದ ಮುದುಕಿಗೆ ಕಾಯ್ದೆಯ ಪ್ರಕಾರ ಸಂಬಂಧಿಕರೇ ಇಲ್ಲ. ಅಂಥವರಿಗೆ ವೃದ್ಧಾಶ್ರಮ. ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಮಂದಿ ನಿರ್ಗತಿಕರಿಗೆ ಜಾಗ ಇರುವಂಥದು. ಆದರೆ ಅಲ್ಲಿ ಕಾಯ್ದೆಯ ಭಾಷೆ ಮೆತ್ತಗಾಗುತ್ತದೆ. ಮಗ ಸಾಕಲೇಬೇಕು, ಸರ್ಕಾರವಾದರೆ ಕಟ್ಟಬಹುದು. ಬಡವನಿಗೆ ‘ಬೇಕು’, ಸರ್ಕಾರಕ್ಕೆ ‘ಬಹುದು’. ಇಡೀ ವ್ಯವಸ್ಥೆಯ ವ್ಯಾಕರಣ ಈ ಎರಡು ಕ್ರಿಯಾಪದಗಳಲ್ಲಿದೆ.

2025ರಲ್ಲಿ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಲ್ಲಿ ನೂರಕ್ಕೂ ಹೆಚ್ಚು ಮುದುಕರನ್ನು ಮನೆಯವರು ಬಿಟ್ಟುಹೋದ ಸುದ್ದಿ ಬಂತು. ಹಾಗೆ ಬಿಟ್ಟವರ ಹೆಸರಿಗಾದ ಆಸ್ತಿ ವರ್ಗಾವಣೆ ರದ್ದು ಮಾಡಿಸಿ ಎಂದು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಅಧಿಕಾರಿಗಳಿಗೆ ಸೂಚಿಸಿದರು. ಒಳ್ಳೆಯದೇ. ಆದರೆ ಆ ಮಂಚಗಳ ಮೇಲೆ ಮಲಗಿದವರಲ್ಲಿ ರದ್ದು ಮಾಡಲಿಕ್ಕೂ ಏನೂ ಇಲ್ಲದವರ ಗತಿ ಏನು?

ಇನ್ನು ನಮ್ಮ ಆಯಿ. ಅವಳ ಮಗ ಮಂಗಳೂರಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ಮಗಳು ಗೋವಾದಲ್ಲಿ. ರೋಣ, ಗಜೇಂದ್ರಗಡದ ಕೇರಿ ತಾಂಡಾಗಳಲ್ಲಿ ದೀಪಾವಳಿ ಮುಗಿದು ಸುಗ್ಗಿಯೂ ಹಿಂದಾದ ಮೇಲೆ ಹೋಗಿ ನೋಡಿ. ಮನೆಗಳಿಗೆ ಬೀಗ, ಕಟ್ಟೆಗಳ ಮೇಲೆ ಮುದುಕರು, ಅವರ ಕಾಲಿಗೆ ತೊಡರುವ ಮೊಮ್ಮಕ್ಕಳು. ಹರೆಯದವರೆಲ್ಲ ದುಡಿಯಾಕ ಹೋಗಿರುತ್ತಾರೆ. ಮಂಗಳೂರಲ್ಲಿ ತಗಡಿನ ಶೆಡ್ಡಿನ ಒಂದು ಖೋಲಿಯಲ್ಲಿ ಐದಾರು ಮಂದಿ. ಅಲ್ಲಿಗೆ ಅವ್ವನನ್ನು ಕರೆದೊಯ್ದು ಎಲ್ಲಿ ಮಲಗಿಸುವುದು? ಗೋವಾದ ಬೈನಾ ಕಡಲದಂಡೆಯಲ್ಲಿ ಕನ್ನಡದ ಕೂಲಿಕಾರರು ಕಟ್ಟಿಕೊಂಡಿದ್ದ ಗುಡಿಸಲುಗಳನ್ನು ಅಲ್ಲಿನ ಸರ್ಕಾರ 2004ರಲ್ಲಿ ಬುಲ್ಡೋಜರ್ ಹಚ್ಚಿ ನೆಲಸಮ ಮಾಡಿತು. ತನಗೇ ತಲೆಯ ಮೇಲೆ ಸೂರಿಲ್ಲದ ಮಗ ತಾಯಿಗೆ ‘ವಾಸಸ್ಥಳ ಒದಗಿಸಬೇಕು’ ಎನ್ನುತ್ತದೆ ಕಾಯ್ದೆ.

ಆ ಮಗ ಎರಡನೇ ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡ. ಗುತ್ತಿಗೆದಾರ ಆಸ್ಪತ್ರೆಯ ಬಾಗಿಲ ತನಕ ಬಂದವನು ಆಮೇಲೆ ಕಾಣಲಿಲ್ಲ. ಐದು ತಿಂಗಳು ಆಯಿಗೆ ಒಂದು ಪೈಸೆ ಬರಲಿಲ್ಲ. ನಮ್ಮಲ್ಲೇ ಒಬ್ಬ ಹುಡುಗ, ಕಾಯ್ದೆ ಓದಿದ ಹುರುಪಿನಲ್ಲಿ, ‘ಆಯಿ, ನೀನೂ ಒಂದು ಅರ್ಜಿ ಹಾಕು’ ಅಂದ. ಆಕೆ ಅವನನ್ನೇ ನೋಡಿದಳು.

‘ಯಾರ ಮ್ಯಾಲೆ ಹಾಕ್ಲೋ? ಅಂವಾ ಕೊಡವಲ್ಲ ಅಲ್ಲ, ಅಂವನ ಕೈಯಾಗ ಇಲ್ಲ. ಇಲ್ಲದಾಂವನ ಜೇಲಿಗೆ ಹಾಕಿದ್ರ ಆ ಜೇಲಿನ ಕೂಳರೆ ನನಗ ಬರತೈತೇನು?’

ಗಜೇಂದ್ರಗಡದ ಒಬ್ಬ ನೇಕಾರ ಹಿರಿಯರೂ ನಮಗೆ ಇದೇ ಅರ್ಥದ ಮಾತು ಹೇಳಿದ್ದರು. ಪಟ್ಟೇದಂಚಿನ ಸೀರೆ ನೇಯ್ದು ನೇಯ್ದು ಅವರ ಕಣ್ಣಿಗೆ ಪೊರೆ ಬಂದಿದೆ. ಮಗ್ಗದ ಕೂಲಿಗೆ ಹೊಟ್ಟೆ ತುಂಬದೆ ಮಗ ಬೆಂಗಳೂರಿಗೆ ಹೋಗಿದ್ದಾನೆ. ಕೊಡದವನು ಮತ್ತು ಕೊಡಲಾರದವನು ಇಬ್ಬರೂ ಮೇಜಿನ ಆಚೆಯಿಂದ ನೋಡಿದರೆ ಒಂದೇ ತರ ಕಾಣುತ್ತಾರೆ. ಇಬ್ಬರೂ ತಲೆ ತಗ್ಗಿಸಿ ನಿಂತಿರುತ್ತಾರೆ.

ಮತ್ತೆ ಆ ಮೇಜಿಗೆ ಹೋಗುವುದೂ ಸುಲಭವಲ್ಲ. ಎಸಿ ಸಾಹೇಬರ ಕಚೇರಿ ಜಿಲ್ಲಾ ಊರಾದ ಗದಗಿನಲ್ಲಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆಯಿ ಹೋಗಬಹುದು. ಮುದುಕ ಟಿಕೀಟು ತೆಗೆಸಬೇಕು. ಆದರೆ ಕೂಡ ಹೋಗುವವರು ಯಾರು? ಹರೆಯದವರೆಲ್ಲ ಗುಳೆ ಹೋಗಿರುವಾಗ ಮುದುಕಿಯನ್ನು ಕೈಹಿಡಿದು ಕಚೇರಿ ಮೆಟ್ಟಿಲು ಹತ್ತಿಸುವವನೂ ಗುಳೆ ಹೋದವನೇ.

ನಮ್ಮ ಭಾಷಣಕಾರರು ಶ್ರವಣಕುಮಾರನ ಕತೆ ಹೇಳುತ್ತಾರೆ. ಕುರುಡ ತಾಯಿತಂದೆಯರ ಸೇವೆ ಮಾಡಿದ ಮಗ, ಅವನನ್ನು ನೋಡಿ ಕಲಿಯಿರಿ ಎನ್ನುತ್ತಾರೆ. ಕಲಿಯೋಣ, ಕತೆ ಪೂರಾ ಕಲಿಯೋಣ. ಆ ಹುಡುಗ ಹೆತ್ತವರನ್ನು ಕೈಬಿಡಲಿಲ್ಲ. ಅವರಿಗೆ ನೀರು ತರಲು ಹೋದಾಗ ಅರಸನ ಬಾಣ ಬಿದ್ದು ಸತ್ತ. ತನ್ನ ತಾಯಿ ಶೂದ್ರಳು, ತಂದೆ ವೈಶ್ಯ ಎಂದು ಅವನೇ ಹೇಳುವುದು ವಾಲ್ಮೀಕಿಯಲ್ಲಿದೆ. ಮುದುಕರಿಬ್ಬರೂ ಅನಾಥರಾಗಿ ಸತ್ತದ್ದು ಮಗನ ತಪ್ಪಿನಿಂದಲ್ಲ, ಸೊಸೆಯ ಚಾಡಿಯಿಂದಲ್ಲ. ಕತ್ತಲಲ್ಲಿ ಬಾಣ ಬಿಟ್ಟ ದೊರೆಯಿಂದ. ಎರಡನೇ ಮಾಳಿಗೆಯಿಂದ ಬಿದ್ದ ಮಗನ ಕತೆ ಬೇರೆಯೇ?

ಈಗ ದೊರೆಯ ಲೆಕ್ಕ ನೋಡೋಣ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಬಡ ಮುದುಕರಿಗೆ ತಿಂಗಳಿಗೆ 75 ರೂಪಾಯಿ ಪಿಂಚಣಿ ಶುರು ಮಾಡಿತು. ಆಮೇಲೆ ಅದು 200 ಆಯಿತು. ಎಂಬತ್ತು ದಾಟಿದವರಿಗೆ 500. ಹೆಚ್ಚುಕಡಿಮೆ ಎರಡು ದಶಕದಿಂದ ಆ 200 ಅಲ್ಲೇ ನಿಂತಿದೆ. ಜೋಳದ ಧಾರಣಿ ನಿಂತಿಲ್ಲ, ಬಿ.ಪಿ. ಗುಳಿಗೆಯ ಧಾರಣಿ ನಿಂತಿಲ್ಲ. ಕೂಲಿಯ ಮಗನಿಂದ 10,000ದವರೆಗೆ ವಸೂಲಿ ಮಾಡಬಹುದು ಎಂದ ಸರ್ಕಾರ, ತನ್ನ ಪಾಲೆಂದು ಮುಂದೆ ಇಟ್ಟಿದ್ದು 200. ನಮ್ಮ ರಾಜ್ಯ ಸರ್ಕಾರ 2007ರಿಂದ ಸಂಧ್ಯಾ ಸುರಕ್ಷಾ ಕೊಡುತ್ತಿದೆ. ಅರವತ್ತೈದು ದಾಟಿದವರಿಗೆ ಅದೀಗ 1,200. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆಯಿ ಬದುಕಿರುವುದೇ ಅದರ ಮೇಲೆ. ಆದರೆ ಅದೂ ಒಂದು ಸಲ ನಿಂತಿತ್ತು. ಕಳೆ ಕಿತ್ತು ಕಿತ್ತು ಅವಳ ಹೆಬ್ಬೆಟ್ಟಿನ ಗೆರೆ ಸವೆದಿದ್ದವು, ಮಷೀನು ಅವಳನ್ನು ಗುರುತು ಹಿಡಿಯಲಿಲ್ಲ. ದುಡಿದದ್ದಕ್ಕೆ ಸಾಕ್ಷಿಯಾಗಬೇಕಿದ್ದ ಬೆರಳು, ದುಡಿದದ್ದಕ್ಕೇ ಸುಳ್ಳು ಸಾಕ್ಷಿಯಾಯಿತು.

ಇದು ನಮ್ಮ ದೇಶದ ಕತೆ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ 1601ರ ಬಡವರ ಕಾಯ್ದೆಯಲ್ಲೇ, ಅನುಕೂಲವಿದ್ದ ಮಕ್ಕಳು ಬಡ ತಾಯಿತಂದೆಯರನ್ನು ಸಾಕಬೇಕೆಂಬ ಮಾತಿತ್ತು. ಸ್ಥಳೀಯ ಖಜಾನೆಯ ಮೇಲಿನ ಭಾರ ಹಗುರಾಗಲೆಂಬುದು ಅದರ ಒಳಲೆಕ್ಕ. 1948ರಲ್ಲಿ ಅವರು ಆ ಕಾಯ್ದೆಯನ್ನೇ ಕಿತ್ತುಹಾಕಿ, ಗತಿಯಿಲ್ಲದವರ ಹೊಣೆಯನ್ನು ಸರ್ಕಾರವೇ ಹೊರಬೇಕೆಂದು ತೀರ್ಮಾನಿಸಿದರು. ಸಿಂಗಪುರ 1995ರಲ್ಲಿ ಮಕ್ಕಳ ಮೇಲೆ ಹೊಣೆ ಹೊರಿಸುವ ಕಾಯ್ದೆ ಮಾಡಿತು. ನಮ್ಮ ಅಸ್ಸಾಂ 2017ರಲ್ಲಿ, ಹೆತ್ತವರನ್ನು ನೋಡಿಕೊಳ್ಳದ ಸರ್ಕಾರಿ ನೌಕರರ ಸಂಬಳದಲ್ಲಿ ಶೇಕಡಾ 10 ಮುರಿದು ಕೊಡುವ ಕಾಯ್ದೆ ಮಾಡಿತು. ಸಂಬಳದಾರನಿಗೆ ಇದು ಸರಿ. ಸಂಬಳದ ಚೀಟಿಯನ್ನೇ ಕಾಣದ ಕೂಲಿಕಾರನಿಗೆ ಏನನ್ನು ಮುರಿಯುತ್ತೀರಿ?

ಹೆಣ್ಣಿನ ಮಾತನ್ನು ಬಿಟ್ಟರೆ ಈ ಲೆಕ್ಕ ಸುಳ್ಳಾಗುತ್ತದೆ. ಕಾಯ್ದೆಯ ಪುಸ್ತಕದಲ್ಲಿ ಮಗ ಇದ್ದಾನೆ, ಮಗಳಿದ್ದಾಳೆ. ಸೊಸೆ ಇಲ್ಲ. ಆದರೆ ಮುದುಕಿಯ ಹಾಸಿಗೆ ಒಗೆಯುವವಳು, ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕಿ ಉಣಿಸುವವಳು ಅವಳೇ. ‘ಮಗ ಸಾಕಿದ’ ಎಂಬ ಹೊಗಳಿಕೆಯೊಳಗೆ ಸೊಸೆಯ ದುಡಿಮೆ ಹೂತುಹೋಗಿದೆ. ಸೊಸೆ ಅಳಿಯರನ್ನೂ ಕಾಯ್ದೆಯೊಳಗೆ ಎಳೆಯುವ ತಿದ್ದುಪಡಿ ಮಸೂದೆಯೊಂದು 2019ರಲ್ಲಿ ಲೋಕಸಭೆಗೆ ಬಂದು, ಪಾಸಾಗದೆ ಬಿದ್ದುಹೋಯಿತು. ಅತ್ತ ಈ ಕಾಯ್ದೆಯನ್ನೇ ಹಿಡಿದು ಸೊಸೆಯನ್ನು ಮನೆಯಿಂದ ಹೊರಹಾಕಲು ನೋಡಿದವರೂ ಇದ್ದಾರೆ. ಬೆಂಗಳೂರಿನ ಅಂಥ ಒಂದು ಮೊಕದ್ದಮೆಯಲ್ಲಿ 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು, ಕೌಟುಂಬಿಕ ದೌರ್ಜನ್ಯ ಕಾಯ್ದೆ ಸೊಸೆಗೆ ಕೊಟ್ಟ ವಾಸದ ಹಕ್ಕನ್ನು ಈ ಕಾಯ್ದೆಯಿಂದ ಸುಮ್ಮನೆ ಅಳಿಸಿಹಾಕಲಾಗದು ಎಂದಿತು. ಒಬ್ಬ ಹೆಣ್ಣಿನ ಮುಪ್ಪಿಗೆ ಇನ್ನೊಬ್ಬ ಹೆಣ್ಣಿನ ಸೂರು ಬೆಲೆಯಾಗಬಾರದು.

ಮಗಳ ಲೆಕ್ಕವೂ ಹೀಗೆಯೇ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಎಂದಿತು, ದೇಶ 2005ರಲ್ಲಿ ಎಂದಿತು. ಆದರೆ ಅರಿಷಿಣ ಕುಂಕುಮ ಕೊಟ್ಟು, ಸೀರೆ ಉಡಿಸಿ, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಮಾಡಿಸಿಕೊಳ್ಳುವ ಅಣ್ಣತಮ್ಮಂದಿರು ನಮ್ಮ ತಾಲೂಕುಗಳಲ್ಲಿ ಇಂದಿಗೂ ಇದ್ದಾರೆ. ಹೊಲ ಅಣ್ಣಂದು, ಅವ್ವ ಮಾತ್ರ ಇಬ್ಬರದೂ.

ಇನ್ನೂ ಒಂದು ಮಾತು, ಇದನ್ನು ನಾವೇ ಹೇಳಬೇಕು. ನಮ್ಮ ಕೇರಿಗಳಲ್ಲಿ ದೇವರ ಹೆಸರಲ್ಲಿ ಬಿಟ್ಟ ತಾಯಂದಿರಿದ್ದಾರೆ. 1982ರ ಕಾಯ್ದೆ ಆ ಪದ್ಧತಿಯನ್ನು ನಿಷೇಧಿಸಿತು, ತಾಯಂದಿರು ಉಳಿದರು. ಅವರ ಮಕ್ಕಳ ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ. ಪೋಷಣೆ ಕಾಯ್ದೆಯ ಪ್ರಕಾರ ಹುಟ್ಟಿಸಿದವನೂ ತಂದೆಯೇ. ಹೆಸರು ಕೊಡದವನು, ಒಂದು ಪಾಟಿ ಪೆನ್ಸಿಲು ಕೊಡಿಸದವನು, ನಾಳೆ ಮುಪ್ಪಿನಲ್ಲಿ ಬಂದು ‘ನಾ ನಿಮ್ಮಪ್ಪ, ಕೂಳು ಹಾಕು’ ಅಂದರೆ? ಹೆದರಬೇಡಿ, ಅವನು ಬರುವುದಿಲ್ಲ. ಬಂದರೆ ಜಾತಿ ಕೆಡುತ್ತದೆ.

ಹಾಗಾದರೆ ನಾವು ಏನು ಕೇಳುತ್ತೇವೆ? ಕಾಯ್ದೆ ಬೇಡ ಅನ್ನುವುದಿಲ್ಲ. ಇದ್ದೂ ಕೊಡದವನ ಮೇಲೆ ಅರ್ಜಿ ಬರೆದುಕೊಡುತ್ತೇವೆ, ನಮ್ಮ ಕಟ್ಟೆಯ ಮೇಲೆ ನೀರು ಕುಡಿಯದವನಿಗೂ ಬರೆದುಕೊಡುತ್ತೇವೆ. ಅರ್ಜಿ ಹಾಕಲಾಗದ ಮುದುಕರ ಪರವಾಗಿ ಸಂಘದವರು ಹಾಕಬಹುದು, ನ್ಯಾಯಮಂಡಳಿ ತಾನೇ ಕೈಗೆತ್ತಿಕೊಳ್ಳಲೂಬಹುದು. ಇದನ್ನು ಪ್ರತಿ ಊರಿನ ಶಾಲೆಯ ಗೋಡೆಯ ಮೇಲೆ ಬರೆಯಬೇಕು, 14567 ಎಂಬ ಹಿರಿಯರ ಸಹಾಯವಾಣಿಯ ನಂಬರನ್ನೂ ಬರೆಯಬೇಕು. ನ್ಯಾಯಮಂಡಳಿ ತಿಂಗಳಿಗೆ ಒಂದು ದಿನವಾದರೂ ರೋಣಕ್ಕೆ, ನರಗುಂದಕ್ಕೆ, ಗಜೇಂದ್ರಗಡಕ್ಕೆ ಬಂದು ಕೂಡಬೇಕು. ಮುದುಕರು ಕಚೇರಿಗೆ ನಡೆಯುವುದಲ್ಲ, ಕಚೇರಿ ಮುದುಕರ ಹತ್ತಿರ ನಡೆಯಬೇಕು.

ಆದರೆ ಇಷ್ಟಕ್ಕೇ ಬಾಯಿ ಮುಚ್ಚುವುದಿಲ್ಲ. ಬಾಬಾಸಾಹೇಬರ ಮುಂದಾಳುತನದಲ್ಲಿ ಕರಡಾದ ಸಂವಿಧಾನದ 41ನೇ ಅನುಚ್ಛೇದ, ಮುಪ್ಪಿನಲ್ಲಿ ನೆರವು ಪಡೆಯುವ ಹಕ್ಕಿನ ಮಾತಾಡುತ್ತದೆ. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂದೂ ಅದರಲ್ಲಿದೆ. ಆ ಮಿತಿ ಎರಡು ದಶಕದಿಂದ 200 ರೂಪಾಯಿಗೇ ನಿಂತಿದೆ ಎಂದರೆ ನಂಬುವವರು ಯಾರು? ಐವತ್ತು ವರ್ಷ ಕಳೆ ಕಿತ್ತವಳ ಕಡ್ಲಿಯನ್ನು ಉಂಡವರು ಯಾರ್‍ಯಾರು? ಗೌಡರು ಉಂಡರು, ಗೌಡರ ಮಕ್ಕಳು ಉಂಡರು, ಅಡತಿಯವರು ಉಂಡರು, ಅದನ್ನು ಕೊಂಡ ಪ್ಯಾಟಿಯೂ ಉಂಡಿತು. ಅವಳ ಮಗ ಕಟ್ಟಿದ ಮಾಳಿಗೆಯಲ್ಲಿ ಇವತ್ತು ಯಾರೋ ಫ್ಯಾನು ಹಚ್ಚಿ ಮಲಗಿದ್ದಾರೆ. ಅವಳ ದುಡಿಮೆ ಉಂಡವರೆಲ್ಲ ಅವಳ ಮಕ್ಕಳೇ. ಅಷ್ಟೂ ಮಂದಿಯಿಂದ ಅವಳ ಪೋಷಣೆಯನ್ನು ವಸೂಲು ಮಾಡಿ ತಿಂಗಳ ಮೊದಲ ವಾರ ಅವಳ ಕೈಗೆ ಕೊಡುವ ಶಕ್ತಿ ಇರುವುದು ಸರ್ಕಾರಕ್ಕೆ ಒಂದಕ್ಕೇ. ಹೊಟ್ಟೆ ತುಂಬುವಷ್ಟು ಪಿಂಚಣಿ ಅಂದರೆ ಅದೇ, ದಾನವಲ್ಲ, ಬಾಕಿ.

ಆ ಬಾಕಿಯ ಅರ್ಜಿಗೆ ಇನ್ನೂ ನಮೂನೆ ಛಾಪಿಸಿಲ್ಲ. ಅದನ್ನು ನಾವೇ ಬರೆಯಬೇಕು, ಊರೂರಿನಲ್ಲಿ ಕೂತು, ಒಂದೊಂದು ಸವೆದ ಹೆಬ್ಬೆಟ್ಟಿನ ಗುರುತು ಒತ್ತಿಸಿ.